ನೂರು ಬೀಗಕ್ಕೊಂದು ವೆಬ್‌ಸೈಟ್

ಒಂದಾನೊಂದು ಬೀದಿಯಲ್ಲಿ ಒಬ್ಬ ಬೀಗದವನಿದ್ದ. ಯಾವ ಕಾಲದಲ್ಲಿ ಅಂತ ಕೇಳಿದರೆ, ರಾಜರೆಲ್ಲ ಮುಗಿದು, ರಾಕ್ಷಸರೂ ಮುಗಿದು, ಫೋನು ಮಾತ್ರ ಉಳಿದುಕೊಂಡಿರುವ ಈ ಕಾಲದಲ್ಲೇ. ಕತೆಯ ರಾಜಕುಮಾರನಿಗೆ ಏಳು ಕೋಟೆಯ ಬಾಗಿಲು ತೆರೆಯಲು ಮಂತ್ರ ಬೇಕು. ಇವನಿಗೆ ಒಂದು ಅರ, ಒಂದು ತಂತಿ ಸಾಕು. ಬೀಗದ ತೂತಿಗೆ ಕಿವಿ ಹಚ್ಚಿ ಕೂತನೆಂದರೆ ಅದು ತವರಿಗೆ ಬಂದ ಮಗಳ ಹಾಗೆ ತನ್ನ ಸಂಕಟವನ್ನೆಲ್ಲ ಹೇಳಿಕೊಂಡುಬಿಡುತ್ತಿತ್ತು. ಮನುಷ್ಯರು ಮಾತ್ರ ಅವನ ಅಂಗಡಿಯ ಕಡೆ ತಲೆಹಾಕುತ್ತಿರಲಿಲ್ಲ.

ಅಂಗಡಿ ಎಂದರೆ ಟೈಲರ್ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಸೀಳು. ಅವನು ಒಳಗಿದ್ದರೆ ಗಿರಾಕಿ ಹೊರಗೇ ನಿಲ್ಲಬೇಕು. ಬೆಳಗಿನಿಂದ ಸಂಜೆಯವರೆಗೆ ಅವನು ನೊಣ ಹೊಡೆಯುತ್ತಿದ್ದ. ಇತ್ತೀಚೆಗೆ ನೊಣಗಳೂ ಕಡಿಮೆಯಾಗಿದ್ದವು.

ಹೆಂಡತಿ ಒಂದು ವಾರದ ಗಡುವು ಕೊಟ್ಟಿದ್ದಳು. "ಶನಿವಾರದೊಳಗೆ ಒಂದು ದೊಡ್ಡ ಕೆಲಸ ಬರದಿದ್ರೆ ಅಂಗಡಿ ಮುಚ್ಚಿ. ಅಣ್ಣನ ಗೋದಾಮಿಗೆ ಕಾವಲುಗಾರ ಬೇಕಂತೆ." ಆ ಅಣ್ಣ, ಅಂದರೆ ಇವನ ಭಾವ, ತಂಗಿಯ ಮಾತು ಮುಗಿಯುವ ಮೊದಲೇ ಖಾಕಿ ಬಟ್ಟೆ ತಂದು ಪಕ್ಕದ ಟೈಲರಿಗೆ ಕೊಟ್ಟಿದ್ದ. ಟೈಲರ್ ದಿನಕ್ಕೆರಡು ಬಾರಿ ಟೇಪು ಹಿಡಿದು ಬರುತ್ತಿದ್ದ. "ಸೊಂಟದಳತೆ ಕೊಟ್ಟುಬಿಡಿ ಅಣ್ಣಾ. ದುಃಖದಲ್ಲಿ ಇಳಿದುಹೋದ್ರೆ ಆಮೇಲೆ ಒಳಗೆ ಹಿಡೀಬೇಕಾಗುತ್ತೆ."

ಹೀಗಿರುವಾಗ ಶನಿವಾರ ಬೆಳಿಗ್ಗೆ ಫೋನು ಹೊಡೆದುಕೊಂಡಿತು.

"ಬೀಗದವರಾ? ನಮ್ದು ಲಾಡ್ಜು, ನಾನು ಮ್ಯಾನೇಜರ್. ನೂರು ರೂಮು, ನೂರು ಬೀಗ. ಒಂದೂ ನೆಟ್ಟಗೆ ತಿರುಗಲ್ಲ. ಮಾಡಿಕೊಡ್ತೀರಾ?"

ಬೀಗದವನು ಎದ್ದು ನಿಂತ. "ಒಂದು ವಾರ ಕೊಡಿ ಸಾರ್. ನೂರನ್ನೂ ಬಿಚ್ಚಿ, ತೊಳೆದು, ಹೊಸದು ಮಾಡಿಕೊಡ್ತೀನಿ. ಅಂಗಡಿಗೆ ಬನ್ನಿ, ಮಾತಾಡೋಣ."

"ಅಂಗಡಿ ಯಾರು ನೋಡ್ತಾರ್ರೀ ಈಗ! ನಿಮ್ಮ ವೆಬ್‌ಸೈಟ್ ಕಳಿಸಿ. ನಾಲ್ಕು ಗಂಟೆಯೊಳಗೆ ಬಂದ್ರೆ ನೋಡ್ತೀವಿ, ಇಲ್ಲಾಂದ್ರೆ ಬೇರೆಯವರಿದಾರೆ. ಇದೆ ತಾನೆ?"

"ಇದೆ ಸಾರ್, ಇದೆ. ಸ್ವಲ್ಪ ಧೂಳು ಕೂತಿದೆ, ಒರೆಸಿ ಕಳಿಸ್ತೀನಿ," ಎಂದಿತು ಅವನ ನಾಲಿಗೆ, ಯಜಮಾನನನ್ನು ಒಂದು ಮಾತೂ ಕೇಳದೆ.

ಜೆರಾಕ್ಸ್ ಅಂಗಡಿಯವಳು ವಯಸ್ಸಿನಲ್ಲಿ ಚಿಕ್ಕವಳಾದರೂ ಬೀದಿಗೆಲ್ಲ ಅಕ್ಕ. ಅವಳು ಕಂಪ್ಯೂಟರಿನ ಮುಂದೆ ಅವನಿಗೊಂದು ಸ್ಟೂಲು ಹಾಕಿದಳು. "ಹೆದರಬೇಡಿ ಅಣ್ಣಾ. ವೆಬ್‌ಸೈಟ್ ಅಂದ್ರೆ ಇನ್ನೇನಲ್ಲ, ಬೀದಿಯಿಲ್ಲದ ಅಂಗಡಿ. ನೀವು ಯಾರು, ಎಲ್ಲಿದೀರಿ, ಏನ್ ಮಾಡ್ತೀರಿ, ಎಷ್ಟೊತ್ತಿಗೆ ಬಾಗಿಲು ತೆಗೀತೀರಿ, ಫೋನ್ ನಂಬರೇನು. ಜನ ಕಣ್ಣು ಮಿಟುಕಿಸೋದರೊಳಗೆ ಇಷ್ಟು ಗೊತ್ತಾಗ್ಬೇಕು. ಜೊತೆಗೊಂದು ಫೋಟೋ."

ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ಟೈಲರ್ ಯಾರದೋ ಕೋಟು ತಂದು ತೊಡಿಸಿದ. ಒಂದು ತೋಳಿಗೆ ಇನ್ನೂ ಬರೀ ಕಚ್ಚಾ ಹೊಲಿಗೆ ಹಾಕಿತ್ತು, ಎದೆಯ ಮೇಲೆ ಸೀಮೆಸುಣ್ಣದ ಗೆರೆ.

"ನಗಿ ಅಣ್ಣಾ," ಎಂದಳು ಅಕ್ಕ. ಅವನು ನಕ್ಕ. ಅವಳು ಫೋನು ಕೆಳಗಿಳಿಸಿದಳು. "ಬೇಡ ಬಿಡಿ, ನಗಬೇಡಿ."

ಕೊನೆಗೆ ಬಂದ ಚಿತ್ರದಲ್ಲಿ ಅವನು ಮದುವೆಮನೆಯಿಂದ ನೇರವಾಗಿ ಪೊಲೀಸರು ಎತ್ತಿಕೊಂಡು ಹೋದ ಮದುಮಗನ ಹಾಗಿದ್ದ. ಕೋಟಿನ ತೋಳು ಮಾತ್ರ ಕೈಯೆತ್ತುವ ಮೊದಲೇ ಕಳಚಿ ಬಿದ್ದಿತ್ತು.

'ನಮ್ಮ ಬಗ್ಗೆ' ಎಂಬ ಪುಟ ಬರೆಯಲು ಎದುರು ಮನೆಯ ನಿವೃತ್ತ ಮೇಷ್ಟ್ರು ತಾವಾಗಿಯೇ ಬಂದರು. ಅವರ ಬರಹ 'ಮಾನವನು ಗುಹೆಯಲ್ಲಿ ವಾಸಿಸುತ್ತಿದ್ದಾಗ ಬಾಗಿಲುಗಳೇ ಇರಲಿಲ್ಲ' ಎಂದು ಶುರುವಾಯಿತು. ಎರಡು ಪುಟವಾದರೂ ಮಾನವ ಗುಹೆಯಿಂದ ಹೊರಗೆ ಬರುವ ಲಕ್ಷಣ ಕಾಣಲಿಲ್ಲ.

"ಮೇಷ್ಟ್ರೇ, ನಾನು ಯಾವಾಗ ಬರ್ತೀನಿ ಇದರಲ್ಲಿ?" ಬೀಗದವನು ಅಳುವ ದನಿಯಲ್ಲಿ ಕೇಳಿದ.

"ತಾಳಯ್ಯಾ, ಇನ್ನೂ ಕಬ್ಬಿಣ ಕಂಡುಹಿಡಿದಿಲ್ಲ."

ಹನ್ನೆರಡೂವರೆಗೆ ಅಕ್ಕ ಮಾನವಕುಲವನ್ನು ಪೂರ್ತಿ ಅಳಿಸಿ, ಮೂರು ಸಾಲು ಉಳಿಸಿ, "ಈಗೊಂದು ಪಾಸ್‌ವರ್ಡ್ ಹಾಕಿ. ನಮಗ್ಯಾರಿಗೂ ತೋರಿಸಬೇಡಿ," ಎಂದಳು.

ಆ ದಿನ ಬೀಗದವನ ಮುಖದಲ್ಲಿ ಜೀವಕಳೆ ಬಂದದ್ದು ಆಗಲೇ. ಅಂತೂ ಈ ಮಾಯಾಲೋಕದಲ್ಲೂ ಒಂದು ಬೀಗವಿದೆ! ಎಲ್ಲರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಅಕ್ಷರ, ಅಂಕಿ, ಚುಕ್ಕೆ, ಗೆರೆ, ಕೈಗೆ ಸಿಕ್ಕಿದ್ದನ್ನೆಲ್ಲ ಪೋಣಿಸಿ ಇಪ್ಪತ್ತಾರು ಹಲ್ಲಿನ ಕೀಲಿ ಮಾಡಿದ. ಮರೆತರೆ ಇರಲಿ ಎಂದು ಯಂತ್ರ ಕೇಳಿದ ಒಂದು ಪ್ರಶ್ನೆಗೂ ಬಾಯಿಗೆ ಬಂದದ್ದನ್ನು ಬರೆದ. ಆಮೇಲೆ ಹೆಮ್ಮೆಯಿಂದ ಹಿಂದಕ್ಕೆ ಒರಗಿದ. ಆ ಗಳಿಗೆಗೇ ಕರೆಂಟು ಹೋಯಿತು.

ಅದು ಮರಳಿ ಬಂದಾಗ ಎರಡೂವರೆ. ಕಂಪ್ಯೂಟರು ಕಣ್ಣು ಬಿಟ್ಟು, ಹಿಂದಿನ ಜನ್ಮದ ನೆನಪೇ ಇಲ್ಲದವರ ಹಾಗೆ, ಪಾಸ್‌ವರ್ಡ್ ಕೇಳಿತು. ಬೀಗದವನಿಗೂ ಆ ಜನ್ಮ ನೆನಪಿರಲಿಲ್ಲ.

"ಊರವರ ಬೀಗ ತೆಗೆಯೋನಿಗೆ ತನ್ನದೇ ತೆಗೆಯೋಕೆ ಬರಲಿಲ್ಲ ನೋಡು," ಎಂದರು ಮೇಷ್ಟ್ರು, ಗುಹಾಮಾನವನ ಸೇಡು ತೀರಿಸಿಕೊಳ್ಳುತ್ತ.

ಸರಿಯಾಗಿ ಆ ಹೊತ್ತಿಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಪರದೆಯ ಮೇಲೆ ಗುರುತಿನ ಪ್ರಶ್ನೆ ದಪ್ಪಕ್ಷರದಲ್ಲಿ ಹೊಳೆಯುತ್ತಿತ್ತು: 'ನಿಮಗೆ ಅತ್ಯಂತ ಪ್ರಿಯವಾದದ್ದು ಯಾವುದು? ಮೂರು ಅವಕಾಶ.'

"ಬರೀರಿ, ನಾನೂ ನೋಡ್ತೀನಿ," ಎಂದಳು ಅವಳು, ಡಬ್ಬಿ ಕೆಳಗಿಟ್ಟು.

ಅವನು ಉಗುಳು ನುಂಗಿ 'ಹೆಂಡತಿ' ಎಂದು ಒತ್ತಿದ. ತಪ್ಪು, ಎಂದಿತು ಯಂತ್ರ.

"ಹೂಂ," ಎಂದಳು ಹೆಂಡತಿ.

"ಅಲ್ಲ ಕಣೇ, ಇದು... ಮಿಷನ್ನು ಕೆಟ್ಟಿರಬೇಕು." 'ಸಂಸಾರ' ಎಂದು ಒತ್ತಿದ. ಅದೂ ತಪ್ಪು.

ಟೈಲರ್ ಕೋಟಿನ ತೋಳು ನೋಡುವ ನೆಪದಲ್ಲಿ ಮೆಲ್ಲನೆ ಜಾರಿಕೊಂಡ. ಬೀಗದವನು ಗಡಿಯಾರ ನೋಡಿದ, ಹೆಂಡತಿಯನ್ನು ನೋಡಿದ. ಇತ್ತ ನೂರು ಬೀಗ, ಅತ್ತ ಹದಿನೆಂಟು ವರ್ಷದ ದಾಂಪತ್ಯ. ಕಣ್ಣು ಮುಚ್ಚಿಕೊಂಡು 'ನಿದ್ದೆ' ಎಂದು ಒತ್ತಿದ.

ಬಾಗಿಲು ತೆರೆಯಿತು.

ಹೆಂಡತಿ ಡಬ್ಬಿಯನ್ನು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತು, ಅವನ ಪಾಲಿನ ಊಟವನ್ನು ನಿಧಾನವಾಗಿ, ಅಗಿದು ಅಗಿದು, ತಾನೇ ಉಂಡಳು.

"ಅಣ್ಣಾ, ಆಮೇಲೆ ಅಳಿ, ಮೂರೂ ಕಾಲಾಯ್ತು," ಎಂದಳು ಅಕ್ಕ. "ಪುಟ ಬೋಳುಬೋಳಾಗಿದೆ. ಜನಕ್ಕೆ ಉಪಯೋಗ ಆಗೋ ಅಂಥದ್ದೇನಾದ್ರೂ ಬಿಟ್ಟಿ ಕೊಡಿ. ಬಿಟ್ಟಿ ಕೊಟ್ಟೋರನ್ನ ಜನ ನಂಬ್ತಾರೆ, ನಂಬಿದ ಮೇಲೆ ಕೆಲಸ ಕೊಡ್ತಾರೆ. ವೆಬ್‌ಸೈಟಿನ ಮೊದಲ ಪಾಠ ಅದು."

ಅವನ ಹತ್ತಿರ ಕೊಡಲು ಇದ್ದದ್ದಾದರೂ ಏನು? ಸಾಯುವ ಮುಂಚೆ ತಾತ ಕಿವಿಯಲ್ಲಿ ಉಸುರಿದ ಒಂದು ಗುಟ್ಟು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಅವನು ಹೇಳಿದ, ಅಕ್ಕ ಬರೆದುಕೊಂಡಳು:

'ಬೀಗ ಹಟ ಮಾಡುತ್ತಿದೆಯೇ? ಎಣ್ಣೆ ಬಿಡಬೇಡಿ, ಧೂಳು ಕಚ್ಚಿಕೊಳ್ಳುತ್ತದೆ. ಪೆನ್ಸಿಲಿನ ಸೀಸವನ್ನು ಕೀಲಿಯ ಹಲ್ಲಿಗೆಲ್ಲ ಕಪ್ಪಗಾಗುವಂತೆ ಉಜ್ಜಿ, ತೂತಿನಲ್ಲಿ ನಾಲ್ಕು ಬಾರಿ ಆಡಿಸಿ. ಬೀಗಕ್ಕೂ ಸಮಾಧಾನ ಬೇಕು.'

"ಭಲೆ! ಕೊನೇ ಸಾಲು ಸಾಹಿತ್ಯ ಕಣಯ್ಯಾ," ಎಂದು ಮೇಷ್ಟ್ರು ಮುನಿಸು ಮರೆತರು.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ವೆಬ್‌ಸೈಟ್ ಲೋಕಕ್ಕೆ ಬಂತು. ವಿಳಾಸ ಮ್ಯಾನೇಜರಿಗೆ ಹೋಯಿತು. ಪುಟದ ಕೆಳಗೆ 'ನೋಡಿದವರು' ಎಂಬ ಜಾಗದಲ್ಲಿ ಸೊನ್ನೆ ಕೂತಿತ್ತು. ಮರಳಿ ಬಂದ ಟೈಲರೂ ಸೇರಿ ನಾಲ್ವರೂ ಅದನ್ನು ಹೆರಿಗೆ ಕೋಣೆಯ ಬಾಗಿಲಿನ ಹಾಗೆ ನೋಡುತ್ತ ನಿಂತರು.

ಒಂದು ಬಂತು. ಅದು ಟೈಲರಿನದೇ ಫೋನು. ಆಮೇಲೆ ನಾಲ್ಕು. ಹನ್ನೊಂದು. ಐದು ಗಂಟೆಗೆ ಇಪ್ಪತ್ತಮೂರು!

"ಅಣ್ಣಾ, ಎಲ್ಲರೂ ನಿಮ್ಮ ತಾತನ ಪುಟಾನೇ ನೋಡ್ತಿದಾರೆ! ತಿರುಗಿ ತಿರುಗಿ ನೋಡ್ತಿದಾರೆ!"

ಬೀಗದವನ ಕಣ್ಣಲ್ಲಿ ನೀರು ಬಂತು. ಟೈಲರ್ ಖಾಕಿ ಬಟ್ಟೆಯನ್ನು ಮಡಿಸಿ ಬದಿಗಿಟ್ಟ. ಕಟ್ಟೆಯ ಮೇಲಿದ್ದ ಹೆಂಡತಿ ಕೂಡ ಕತ್ತು ಉದ್ದ ಮಾಡಿ ಒಳಗೆ ನೋಡಿ, ಅರ್ಧದಷ್ಟು ನಕ್ಕಳು.

ಐದೂವರೆಗೆ ಫೋನು ಬಂತು. ಅಕ್ಕ ಅದನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು.

"ಏನ್ರೀ ಬೀಗದವರೇ!" ಮ್ಯಾನೇಜರ್ ದನಿಯಲ್ಲಿ ಹಬ್ಬವಿತ್ತು. "ಎಂಥಾ ವೆಬ್‌ಸೈಟ್ರೀ ನಿಮ್ದು! ಬೇರೆ ನಾಲ್ಕು ಜನ ಕಳಿಸಿದ್ರು, ಬರೀ ತಮ್ಮ ತುತ್ತೂರಿ ತಾವೇ ಊದಿಕೊಂಡಿದಾರೆ. ನಿಮ್ದರಲ್ಲಿ ವಿಷಯ ಇದೆ!"

"ನಿಮ್ಮ ಆಶೀರ್ವಾದ ಸಾರ್. ಸೋಮವಾರ ಬೆಳಿಗ್ಗೇನೇ ಬಂದುಬಿಡ್ಲಾ?"

"ಅಯ್ಯೋ, ನೀವ್ಯಾಕ್ರೀ ಬರೋ ತೊಂದರೆ ತಗೋತೀರಾ! ನಮ್ಮ ಗುಡಿಸೋರು, ಒರೆಸೋರು, ಎಲ್ಲರಿಗೂ ನಿಮ್ಮ ಪುಟ ಕಳಿಸ್ದೆ. ಓದಿಕೊಂಡು ಆಳಿಗೊಂದು ಪೆನ್ಸಿಲ್ ಹಿಡ್ಕೊಂಡು ಹೊರಟ್ರು ನೋಡಿ. ನೂರೂ ಬೀಗ, ಒಂದೂವರೆ ಗಂಟೆ! ಈಗ ಬೆಣ್ಣೇಲಿ ಕೂದಲು ತೆಗೆದ ಹಾಗೆ ತಿರುಗ್ತಿವೆ. ನೀವೋ ಒಂದು ವಾರ ಅಂದಿದ್ರಿ! ಹೀಗೇ ಬರೀತಾ ಇರಿ." ಫೋನು ಇಟ್ಟರು.

ಮೇಷ್ಟ್ರು ಕೆಮ್ಮಿದರು. ಟೈಲರ್ ಸದ್ದಿಲ್ಲದೆ ಹಿಂದಿನಿಂದ ಬಂದು, ಬೀಗದವನ ಸೊಂಟಕ್ಕೆ ಟೇಪು ಸುತ್ತಿ, ಅಳತೆಯನ್ನು ತುಟಿಯಲ್ಲೇ ಎಣಿಸಿಕೊಂಡ. ಈ ಸಲ ಬೀಗದವನು ಕೈಯೆತ್ತಿ ನಿಂತ.

"ಗೋದಾಮು ಎಂಟಕ್ಕೆ ತೆಗೀತಾರೆ ರೀ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ದನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ. "ಅಲ್ಲಿ ನಿದ್ದೆ ಮಾಡೋ ಹಾಗಿಲ್ಲ."

"ಅಣ್ಣಾ! ಅಣ್ಣಾ, ಇಲ್ಲಿ ನೋಡಿ!" ಅಕ್ಕ ಪರದೆಗೆ ಬೆರಳು ಕುಟ್ಟುತ್ತ ಕೂಗಿದಳು. ಅವಳ ಮುಖ ಅರಳಿತ್ತು. "ನಿಮ್ಮ ವೆಬ್‌ಸೈಟಿಗೆ ಮೊದಲ ಅಭಿಪ್ರಾಯ ಬಂತು. ಐದಕ್ಕೆ ಐದು ನಕ್ಷತ್ರ!"

ಬೀಗದವನು ಬಗ್ಗಿ ಓದಿದ.

'ಬಹಳ ಒಳ್ಳೆಯ ಅಂಗಡಿ. ಹೋಗುವ ಅಗತ್ಯವೇ ಬೀಳಲಿಲ್ಲ.'