ಹಿಂದಿನ ಎಡಬಾಗಿಲು

ಬೆಕ್ಕು ಗೇಟಿನ ನಟ್ಟನಡುವೆ ಮಲಗಿತ್ತು. ಹಾರನ್ ಹೊಡೆದರೆ ಒಂದು ಕಣ್ಣು ತೆರೆದು, ಹೊಡೆದವನು ಯಾರೆಂದು ನೋಡಿ, ಮತ್ತೆ ಮುಚ್ಚಿತು. ಬೆಕ್ಕು ಸರಿಯಲಿಲ್ಲ, ಕಂಬ ಸರಿಯುವ ಪ್ರಶ್ನೆಯೇ ಇರಲಿಲ್ಲ. ಹೀಗಾಗಿ ಕಾರೇ ಸರಿಯಬೇಕಾಯಿತು. ಕರ್ರ್ ಎಂದಿತು. ಹಿರಿಯಳಿಯ ಇಳಿದು ನೋಡಿದ. ಹಿಂದಿನ ಎಡಬಾಗಿಲ ಮೇಲೆ ಗೇಣುದ್ದದ ಗೀರು.

ಕಾರು ಅವನದಲ್ಲ, ಅತ್ತೆಯದು. ಅತ್ತೆ ನಿವೃತ್ತ ಹೆಡ್‌ಮಿಸ್. ಇಪ್ಪತ್ತು ವರ್ಷ ತಾವೇ ಓಡಿಸಿದ ಈ ಬೆಳ್ಳಿಬಣ್ಣದ ಕಾರಿಗೆ ಒಂದು ಗೆರೆಯೂ ಬಿದ್ದಿಲ್ಲ ಎಂಬುದನ್ನು ಅವರು ಮದುವೆಮನೆಯಲ್ಲೂ ಹೇಳುತ್ತಿದ್ದರು, ಸಾವಿನ ಮನೆಯಲ್ಲೂ ಹೇಳುತ್ತಿದ್ದರು. ಈಗ ಕಣ್ಣು ಮಂಜಾಗುತ್ತಿದೆ ಎಂದು ಕಾರನ್ನು ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಡಲು ತೀರ್ಮಾನಿಸಿದ್ದರು. ಹೆಡ್‌ಮಿಸ್ ಆದ್ದರಿಂದ ಪರೀಕ್ಷೆ ಇಲ್ಲದೆ ಕೊಡುವಂತಿರಲಿಲ್ಲ. ಒಂದು ತಿಂಗಳು ಚಿಕ್ಕಳಿಯನ ಬಳಿ, ಒಂದು ತಿಂಗಳು ಹಿರಿಯಳಿಯನ ಬಳಿ; ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೋ ಅವರಿಗೆ ಕಾರು. ಚಿಕ್ಕಳಿಯ ಬುದ್ಧಿವಂತ. ತಿಂಗಳಿಡೀ ಕಾರಿಗೆ ಕವರ್ ಹೊದಿಸಿಟ್ಟು, ತಾನು ಬಸ್ಸಿನಲ್ಲಿ ಓಡಾಡಿದ. ಹಿರಿಯಳಿಯ ಸೈಕಲ್ ತುಳಿದು ಮನೆಮನೆಯ ನೀರಿನ ಮೀಟರ್ ಓದುವವನು. ಕಾರು ಸಿಕ್ಕರೆ ಅವನ ಮೊಣಕಾಲುಗಳು ನಿವೃತ್ತಿ ಪಡೆಯುವುದಿತ್ತು. ತಿಂಗಳು ಇಂದಿಗೆ ಮುಗಿಯುತ್ತಿತ್ತು. ಸಂಜೆ ಅತ್ತೆ ಬರುವವರಿದ್ದರು.

“ಇದ್ದದ್ದು ಇದ್ದ ಹಾಗೆ ಅಮ್ಮಂಗೆ ಹೇಳಿಬಿಡಿ,” ಎಂದಳು ಹೆಂಡತಿ.

“ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ. ನಿಮ್ಮಮ್ಮ ಏಳೋದೂ ಬೇಕಾಗಿಲ್ಲ.”

ಅಷ್ಟರಲ್ಲಿ ಪಕ್ಕದ ಕಾಂಪೌಂಡಿನ ಮೇಲೆ ಕಮಿಟಿ ಕಾಣಿಸಿಕೊಂಡರು. ಕಮಿಟಿ ಎಂದರೆ ಒಬ್ಬರೇ, ನಿವೃತ್ತ ಸರ್ವೇಯರ್. ಯಾರ ಮನೆಯ ವಿಷಯವೇ ಆಗಲಿ, ತಾವೊಬ್ಬರೇ ಕೂತು ಚರ್ಚಿಸಿ, ಬಹುಮತದ ನಿರ್ಣಯ ಹೇಳುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು.

“ನೋಡಿದೆ ಅಳಿಯಂದ್ರೇ, ಮೊದಲಿಂದ ನೋಡಿದೆ. ಕಂಬಕ್ಕೆ ಉಜ್ಜೋ ಮೊದಲೇ ಗೊತ್ತಾಯ್ತು, ಉಜ್ಜುತ್ತೆ ಅಂತ.”

“ಮತ್ತೆ ಕೂಗಬಾರದಿತ್ತಾ ಸಾರ್?”

“ನಿಮ್ಮ ಸ್ವಂತ ವಿಷಯ, ನಾನು ತಲೆ ಹಾಕಬಾರದು ಅಂತ ಸುಮ್ಮನಿದ್ದೆ. ಈಗ ನಡೀರಿ, ಬಣ್ಣದ ಶೆಡ್ ನನಗೆ ಗೊತ್ತು,” ಎಂದವರೇ ಬಂದು ಮುಂದಿನ ಸೀಟಿನಲ್ಲಿ ಕೂತರು.

ಶೆಡ್ಡಿನ ನಡುವೆ ಒಂದು ಗೋಡೆ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಣ್ಣ–ತಮ್ಮ ಕಟ್ಟಿಕೊಂಡದ್ದು. ಈಚೆ ಕಡೆ ಅಣ್ಣ ಬಣ್ಣ ಹೊಡೆಯುತ್ತಿದ್ದ. ಆಚೆ ಕಡೆ ತಮ್ಮ ಗಾಡಿಗಳಿಗೆ ಬಣ್ಣದ ಬದಲು ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದ. ಇಟ್ಟಿಗೆ ಸಾಲದೆ ಗೋಡೆ ತಲೆಯೆತ್ತರಕ್ಕೇ ನಿಂತಿದ್ದರಿಂದ ಮಾತು ಎರಡೂ ಕಡೆಗೆ ಕೇಳುತ್ತಿತ್ತು. ಕೇಳಿಸಿಕೊಳ್ಳಬಾರದು ಎಂಬುದಷ್ಟೇ ಒಪ್ಪಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಏನಿದ್ದರೂ ಗಿರಾಕಿಯ ಮೂಲಕ.

ಅಣ್ಣ ಗೀರಿನ ಮೇಲೆ ಉಗುರಾಡಿಸಿದ. “ಬಣ್ಣಾನೇ ಸರಿ. ಬಣ್ಣ ಅಂದ್ರೆ ಚರ್ಮ, ವಿನೈಲ್ ಅಂದ್ರೆ ಅಂಗಿ. ಗಾಯ ಆದ್ರೆ ಅಂಗಿ ಬದಲಾಯಿಸ್ತೀರಾ?”

ಗೋಡೆಯಾಚೆಯಿಂದ ಉತ್ತರ ಬಂತು. “ಸಾರ್, ಪಕ್ಕದವರಿಗೆ ಹೇಳಿ. ಅಂಗಿ ಮಧ್ಯಾಹ್ನದೊಳಗೆ ತೊಡಿಸಬಹುದು. ಬೇಡ ಅಂದ ದಿನ ಬಿಚ್ಚಲೂಬಹುದು. ಚರ್ಮ ಬೇಡ ಅಂದ್ರೆ ಸುಲೀಬೇಕು.”

“ಅಂಗಿ ತೊಡಿಸಬಹುದಂತೆ,” ಎಂದ ಹಿರಿಯಳಿಯ.

“ನನಗೆ ಕಿವಿ ಇದೆ. ಅವರಿಗೆ ಹೇಳಿ, ಹಳೇ ಕಾರಿನ ಬೆಳ್ಳಿಬಣ್ಣ ಬಿಸಿಲಿಗೆ ಮಾಸಿರುತ್ತೆ. ಹಾಳೆ ಹೊಸದಾಗಿ ಮಿಂಚುತ್ತೆ. ನೋಡಿದ ತಕ್ಷಣ ಗೊತ್ತಾಗುತ್ತೆ. ಬಣ್ಣ ಆದ್ರೆ ಕಲಸಿ ಹೊಂದಿಸಬಹುದು.”

“ಅವರಿಗೆ ಹೇಳಿ, ನಾನು ಅಂಟಿಸಿದ್ದನ್ನ ನೋಡಿ ಹೇಳೋ ಗಂಡಸು ಇನ್ನೂ ಹುಟ್ಟಿಲ್ಲ.”

ಇಬ್ಬರ ನಡುವೆ ಹಿರಿಯಳಿಯ ಟೇಬಲ್ ಟೆನಿಸ್ ಚೆಂಡಿನಂತೆ ಗೋಡೆಯ ಆ ತುದಿಗೂ ಈ ತುದಿಗೂ ಓಡಾಡಿದ. ಕೊನೆಗೆ ಕಮಿಟಿ ಕಣ್ಣು ಮುಚ್ಚಿ ಸಭೆ ಸೇರಿ, ಕಣ್ಣು ತೆರೆದು ನಿರ್ಣಯ ಕೊಟ್ಟರು: “ಬಣ್ಣ.”

“ಗೀರಿದ್ದಷ್ಟು ಜಾಗಕ್ಕೆ ಮಾತ್ರ ಹೊಡೆದು, ಹೀಟರ್ ಇಟ್ಟು ಒಣಗಿಸಿ, ನಾಲ್ಕಕ್ಕೆ ಗಾಡಿ ಕೊಡ್ತೀನಿ,” ಎಂದು ಅಣ್ಣ ಉಜ್ಜುಕಾಗದ ನೀರಲ್ಲದ್ದಿ ಉಜ್ಜತೊಡಗಿದ. ನಾಲ್ಕು ಸಲ ಉಜ್ಜುವಷ್ಟರಲ್ಲಿ ಕೈ ನಿಂತಿತು. ಬಾಗಿಲಿನ ಬಣ್ಣ, ಬಿಸಿಲಿಗೆ ಸುಟ್ಟ ಬೆನ್ನಿನ ಚರ್ಮದಂತೆ, ಮೆಲ್ಲಗೆ ಸುರುಳಿ ಸುತ್ತಿಕೊಂಡು ಎದ್ದಿತು. ಅಣ್ಣ ಅದರ ತುದಿ ಹಿಡಿದು ಎಳೆದ. ಬಾಗಿಲೇ ಸುಲಿದಂತೆ ಇಡೀ ಹಾಳೆ ಬಂತು. ಅದರಡಿಯಲ್ಲಿ ಬಾಗಿಲಿನ ಈ ತುದಿಯಿಂದ ಆ ತುದಿಯವರೆಗೆ, ಉಳುಮೆ ಮಾಡಿದ ಹಾಗೆ, ತಗಡು ಕಿತ್ತುಬಂದ ಆಳವಾದ ಗಾಯ. ಪುಟ್ಟಿ ಮೆತ್ತಿ ಸಮ ಮಾಡಿದ್ದರು, ಬಣ್ಣ ಹೊಡೆದಿರಲಿಲ್ಲ.

“ನನ್ನ ಕೆಲಸ ಹಾಳು ಮಾಡಿದ್ಯಲ್ಲೋ ಅಣ್ಣಾ!” ತಮ್ಮ ಗೋಡೆ ಸುತ್ತಿ ಓಡಿಬಂದ.

“ನಿನ್ನದಾ? ನನಗೇ ಗೊತ್ತಾಗಲಿಲ್ಲವಲ್ಲೋ!” ಎಂದ ಅಣ್ಣ. ಹೊಟ್ಟೆಯುರಿಯ ಜೊತೆಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅಪ್ಪನ ನಂತರ ಇಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು.

“ಯಾರು ಅಂಟಿಸಿಕೊಂಡು ಹೋಗಿದ್ದು?” ಹಿರಿಯಳಿಯ ತಮ್ಮನ ಅಂಗಿ ಹಿಡಿದ.

“ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಸಾರ್. ಮತ್ತೆ ಅಂಟಿಸೋಣ ಅಂದ್ರೆ ಇದಕ್ಕೆ ಹೊಂದೋ ಹಾಳೇನೂ ಈಗ ಸಿಗ್ತಿಲ್ಲ.”

“ಯಾವಾಗ ಅಂತಾದ್ರೂ ಹೇಳಿ.”

“ಈಚೆಗೇ.”

ಹಿರಿಯಳಿಯನಿಗೆ ಅಷ್ಟು ಸಾಕಾಯಿತು. ಈಚೆಗೆ, ತನಗಿಂತ ಮೊದಲು, ಕಾರು ಇದ್ದದ್ದು ಯಾರ ಬಳಿ? ಕವರ್ ಹೊದಿಸಿ ಪೂಜಿಸಿದ ಚಿಕ್ಕಳಿಯನ ಬಳಿ! ಕವರ್ ಯಾಕೆ ಎಂಬುದೂ ಈಗ ತಿಳಿಯಿತು. ತನ್ನದು ಬರೀ ಹಾಳೆಯ ಮೇಲಿನ ಗೀರು. ಹಾಳೆಯ ಜೊತೆಗೇ ಹೋಯಿತು.

“ಎರಡು ದಿನ ಬಿಟ್ಟುಹೋಗಿ, ಸರಿ ಮಾಡ್ತೀನಿ,” ಎಂದ ಅಣ್ಣ.

“ಮುಟ್ಟಬೇಡಿ!” ಎಂದ ಹಿರಿಯಳಿಯ. ಹಾಳೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಬೆತ್ತಲೆ ಬಾಗಿಲಿನ ಕಾರನ್ನು ಬೀದಿಯಲ್ಲೆಲ್ಲ ಮೆರವಣಿಗೆ ಮಾಡಿಸಿಕೊಂಡು ಮನೆಗೆ ತಂದ. ಬೆಕ್ಕು ಎದ್ದು ದಾರಿ ಬಿಟ್ಟಿತು. ಅದನ್ನು ಅವನು ಶುಭಶಕುನವೆಂದೇ ತಿಳಿದ.

ಸಂಜೆ ಅತ್ತೆ ಬಂದರು. ಜೊತೆಗೆ ಚಿಕ್ಕಳಿಯನೂ ಬಂದಿದ್ದ. ಕಾಂಪೌಂಡಿನ ಮೇಲೆ ಕಮಿಟಿ ಹಾಜರಿದ್ದರು. ಅತ್ತೆ ಬಾಗಿಲು ನೋಡಿ ನಿಂತುಬಿಟ್ಟರು.

ಹಿರಿಯಳಿಯ ವಕೀಲನಂತೆ ಹಾಳೆ ಬಿಚ್ಚಿದ. “ನೋಡಿ ಅತ್ತೆ. ಗಾಡಿ ಕೆಡಿಸಿದ್ದಲ್ಲದೆ, ಮೇಲೆ ಹಾಳೆ ಅಂಟಿಸಿ ಲೋಕದ ಕಣ್ಣಿಗೆ ಮಣ್ಣೆರಚಿದಾರೆ. ತಪ್ಪಾದ್ರೆ ಆಯ್ತು ಅನ್ನಬೇಕು. ಮುಚ್ಚಿಟ್ಟು ಮೆರೆಯೋರು ಎಂಥ ಜನ, ನೀವೇ ಹೇಳಿ!”

ಚಿಕ್ಕಳಿಯ ಬಗ್ಗಿ ಬಾಗಿಲಿನ ಗಾಯ ನೋಡಿದ. ಅತ್ತೆ ಹಾಳೆಯ ಮೇಲೆ ಇನ್ನೂ ಉಳಿದಿದ್ದ ಗೇಣುದ್ದದ ಗೀರಿನ ಮೇಲೆ ಬೆರಳಾಡಿಸಿದರು.

“ಎಲ್ಲರೂ ಒಳಗೆ ನಡೀರಿ. ಚೀಲ ತಗೊಂಡು ಹೋಗಿ,” ಎಂದರು. ಹೆಂಡತಿ, ಚಿಕ್ಕಳಿಯ ಇಬ್ಬರೂ ತರಗತಿಯ ಮಕ್ಕಳಂತೆ ಸಾಲಾಗಿ ಹೋದರು. ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು.

“ಆ ಶೆಡ್ಡಲ್ಲಿ ತಮ್ಮ ಇದ್ದಾಗ ಅಣ್ಣನ ಹತ್ರ ಯಾಕೆ ಹೋದ್ರಿ?”

ಹಿರಿಯಳಿಯನ ಕೈಯಿಂದ ಹಾಳೆ ಜಾರಿತು.

“ಅಡ್ಡ ಏನು ಬಂತು?”

“ಬೆಕ್ಕು.”

“ನಿಮಗೆ ಬೆಕ್ಕಾದ್ರೂ ಇತ್ತು. ನನಗೆ ಕಂಬ ಒಂದೇ,” ಎಂದು ಅತ್ತೆ ನಿಟ್ಟುಸಿರುಬಿಟ್ಟರು. ಆಮೇಲೆ ತಲೆಯೆತ್ತಿ, ಶಾಲೆಯ ಮೈದಾನದ ಕೊನೆಗೂ ಕೇಳುವ ದನಿಯಲ್ಲಿ ಕೇಳಿದರು: “ಸರ್ವೇಯರ್ರೇ, ನೀವು ಇಲ್ಲೇ ಇರೋರು. ಈ ಅಳಿಯಂದ್ರು ಕಾರನ್ನ ಎಲ್ಲಾದ್ರೂ ತಾಗಿಸಿದ್ದು ನೋಡಿದ್ರಾ?”

ಕಮಿಟಿಯ ಜೀವಮಾನದಲ್ಲಿ ಸಾಕ್ಷಿ ಹೇಳಿ ಎಂದು ಯಾರೂ ಕರೆದಿರಲಿಲ್ಲ. “ಕಣ್ಣಾರೆ ಕಂಡೆ ತಾಯಿ! ಈ ಕಂಬಕ್ಕೇ, ಇದೇ ಬಾಗಿಲನ್ನೇ! ಸ್ವಂತ ವಿಷಯ ಅಂತ ಸುಮ್ಮನಿದ್ದೆ.”

ಒಳಗಿದ್ದವರು ಮೆಟ್ಟಿಲ ಮೇಲೆ ಬಂದು ನಿಂತಿದ್ದರು.

“ಅವರನ್ನ ಏನೂ ಅನ್ನಬೇಡ,” ಎಂದು ಅತ್ತೆ ಮಗಳಿಗೆ ಹೇಳಿದರು. “ನನ್ನ ಹತ್ರ ಎಲ್ಲ ಒಪ್ಪಿಕೊಂಡ್ರು, ಪಾಪ. ಕಾರು ಚಿಕ್ಕ ಅಳಿಯಂದ್ರಿಗೆ. ರಿಪೇರಿ ಮಾತ್ರ ಇವರೇ ಮಾಡಿಸಿಕೊಡ್ತಾರೆ.”

ಹಿರಿಯಳಿಯ ಸೈಕಲ್ಲಿನ ಕಡೆ ನೋಡಿದ. ಅದರ ಸೀಟಿನ ಮೇಲೆ ಬೆಕ್ಕು ಮಲಗಿತ್ತು.

“ಬಣ್ಣಾನೇ ಹೊಡೆಸಿ, ಅಳಿಯಂದ್ರೇ,” ಎಂದರು ಅತ್ತೆ ಮೆಟ್ಟಿಲು ಹತ್ತುತ್ತಾ. “ಈ ಹಾಳೆ ಗೀಳೆ ನಂಬೋ ಹಾಗಿಲ್ಲ.”