ಎರಡು ನೂಲು ದಪ್ಪದ ಕುಕೀಸ್

“ಇನ್ನು ಮೇಲೆ ಈ ಮನೆಗೆ ಯಾರೇ ಬರ್ಲಿ, ಹೇಳಿ ಬರ್ಲಿ, ಹೇಳದೆ ಬರ್ಲಿ, ಅರ್ಧ ಗಂಟೆಯೊಳಗೆ ಅವರ ಮುಂದೆ ಬಿಸಿಬಿಸಿ ಕುಕೀಸ್ ಇರುತ್ತೆ!” ಎಂದು ನೂಲಣ್ಣ ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು ಘೋಷಿಸಿದ. ಕೈಯಲ್ಲಿ ಸೌಟು, ಮೀಸೆಯ ಮೇಲೆ ಮೈದಾ, ಮುಖದಲ್ಲಿ ರಾಜ್ಯ ಗೆದ್ದ ಕಳೆ!

ನೂಲಣ್ಣ ಬಡಗಿ. ಅಂಗುಲದ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಅನ್ನುತ್ತಾರಲ್ಲ, ಅದರಲ್ಲಿ ಅರ್ಧದಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಗಂಟಲಲ್ಲಿ ಅನ್ನ ಇಳಿಯದು. ಅದಕ್ಕೇ ಜನ ಆ ಹೆಸರಿಟ್ಟಿದ್ದರು. ಅವನು ಕೂರಿಸಿದ ಬಾಗಿಲನ್ನು ಮೆಚ್ಚದವರಿಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರೇ ಮಾವ.

ಮಾವ ನಲವತ್ತು ವರ್ಷ ಬೇಕರಿಯ ಒಲೆ ಮುಂದೆ ನಿಂತವರು. ಬನ್ನು ಮುರಿದು ಮೂಸಿದರೆ ಸಾಕು, ಮೈದಾ ಎಷ್ಟು ಹಳೆಯದು, ಕಲಸಿದವನು ಎಷ್ಟು ಸೋಮಾರಿ, ಎರಡನ್ನೂ ಹೇಳಬಲ್ಲರು. ನೂಲಣ್ಣನಿಗೆ ಅವರೆಂದರೆ ಪ್ರಾಣ. ಆದರೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರ ಬಾಯಿಂದ ‘ಚೆನ್ನಾಗಿದೆ’ ಅನ್ನುವ ಒಂದು ಮಾತು ಉದುರಿರಲಿಲ್ಲ. ಆರಾಮಕುರ್ಚಿ ಮಾಡಿಕೊಟ್ಟ. ಮಾವ ಕೂತು, ಎದ್ದು, “ಹೂಂ” ಅಂದರು. ಊಟದ ಮೇಜು ಮಾಡಿಕೊಟ್ಟ. ಬೆರಳಲ್ಲಿ ಕುಟ್ಟಿ ನೋಡಿ ಮತ್ತೆ “ಹೂಂ” ಅಂದರು. ಆ ಒಂದು ಮಾತಿಗಾಗಿ ನೂಲಣ್ಣ ಎಂಟು ಬಾಗಿಲು ಪುಕ್ಕಟೆ ಮಾಡಿಕೊಡಲೂ ಸಿದ್ಧನಿದ್ದ!

“ಈ ಸಲ ಅವರ ವಿದ್ಯೆಯಲ್ಲೇ ಅವರನ್ನ ಗೆಲ್ತೀನಿ, ನೋಡ್ತಿರು,” ಅಂದ ಹೆಂಡತಿಗೆ.

ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಮೇಡಂ. ದಿನವಿಡೀ ಕಲಿಯುವವರ ಪಕ್ಕ ಕೂತು ಬ್ರೇಕ್ ಒತ್ತುವುದು ಅವಳ ಕೆಲಸ. ಮನೆಯಲ್ಲೂ ಹೆಚ್ಚುಕಮ್ಮಿ ಅದೇ.

“ರೀ, ಹಿಟ್ಟನ್ನ ಫ್ರೀಜರಲ್ಲಿ ಇಡೋದಾದ್ರೆ ಸಣ್ಣಸಣ್ಣ ಉಂಡೆ ಕಟ್ಟಿ ಇಡಿ.”

“ಉಂಡೆ ಒಂದೊಂದು ಒಂದೊಂದು ಸೈಜ್ ಆಗುತ್ತೆ ಕಣೇ! ಒಟ್ಟಿಗೆ ಇಟ್ಟು, ಬೇಕಾದಾಗ ಕುಯ್ಕೊಂಡ್ರಾಯ್ತು. ಮರ ಕುಯ್ಯೋನಿಗೆ ಹಿಟ್ಟು ಯಾವ ಲೆಕ್ಕ?”

ಹೀಗೆ ಎರಡು ಕಿಲೋ ಹಿಟ್ಟು ಒಂದೇ ತೊಲೆಯಾಗಿ ಫ್ರೀಜರ್ ಸೇರಿತು. ಸೇರುವ ಮುನ್ನ ನಾಲ್ಕೂ ಮೂಲೆಗೆ ಮೂಲೆಮಟ್ಟ ಇಟ್ಟು ನೋಡಿಕೊಂಡಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ಗುರುವಾರ ಸಂಜೆ ಮಗಳಿಗೆ ಮಾವನ ಫೋನು. “ಅಳಿಯಂದಿರು ಏನೋ ಮಾಡಿ ಇಟ್ಟಿದ್ದಾರಂತಲ್ಲ, ನೋಡೋಣ ಅಂತ ಬಸ್ ಹತ್ತಿದ್ದೀನಿ. ಮುಕ್ಕಾಲು ಗಂಟೆ.”

ನೂಲಣ್ಣ ತೊಲೆಯನ್ನು ಹೊರಗೆಳೆದ. ಚಾಕು ಇಟ್ಟ, ಜಾರಿತು. ಒತ್ತಿದ, ಬಗ್ಗಿತು. ದೊಡ್ಡ ಚಾಕು ತಂದ. ಅದರ ತುದಿಯೇ ಮುರಿಯಿತು. ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟ ನೋಡಿ, ಒಂದು ಚೂರು ಹಾರಿ ಸೀದಾ ಹೆಂಡತಿಯ ಹಣೆಗೆ ಬಡಿಯಿತು!

“ಅಯ್ಯೋ! ಕುಕೀಸ್ ಮಾಡ್ತಿದ್ದೀರಾ, ಬಂಡೆ ಒಡೀತಿದ್ದೀರಾ? ಸ್ವಲ್ಪ ಹೊತ್ತು ಬಿಸಿನೀರಿನ ಪಾತ್ರೆ ಮೇಲಾದ್ರೂ ಇಡ್ರೀ!”

“ಕರಗಿದ್ರೆ ಮೂಲೆ ಹೋಗುತ್ತೆ ಕಣೇ!”

“ಮೂಲೆ ಹೋದ್ರೆ ಹೋಗ್ಲಿ, ಮಾನ ಉಳೀಲಿ!”

ಅವನು ಕೇಳಿದರೆ ತಾನೆ? ತೊಲೆಯನ್ನು ಮಗುವಿನಂತೆ ಎದೆಗವಚಿಕೊಂಡು ಮುಂದಿನ ಕೋಣೆಯ ಕಾರ್ಖಾನೆಗೆ ನಡೆದ. ಹೊಸ ಗರಗಸವನ್ನು ಮೂರು ಸಲ ಸೋಪು ಹಾಕಿ ಉಜ್ಜಿ ತೊಳೆದ. ಕೆಲಸದ ಮೇಜಿಗೆ ಒಗೆದ ಬಟ್ಟೆ ಹಾಸಿದ. ತೊಲೆಗೆ ಕ್ಲಾಂಪಿನ ಗುರುತು ಬೀಳಬಾರದೆಂದು ಆಚೆಈಚೆ ಒಂದೊಂದು ತೇಗದ ಪಟ್ಟಿ ಕೊಟ್ಟು ಬಿಗಿದ. ಹನ್ನೆರಡನೇ ವಯಸ್ಸಿನಿಂದ ಕೈ ಹಾಗೆಯೇ ಪಳಗಿತ್ತು, ಏನು ಮಾಡುವುದು!

ಆಮೇಲೆ ನಡೆದದ್ದನ್ನು ಮಾತ್ರ ಕಣ್ಣಿಂದಲೇ ನೋಡಬೇಕಿತ್ತು. ಗರಗಸ ಸರಸರ ಓಡಿತು. ಎರಡು ನೂಲು ದಪ್ಪದ ಬಿಲ್ಲೆಗಳು ಒಂದರ ಹಿಂದೊಂದು ಮಲಗುತ್ತ ಬಂದವು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಬ್ರೇಕ್ ಒತ್ತಲೆಂದೇ ಬಂದಿದ್ದ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು.

“ಏನ್ ಕೈ ರೀ ನಿಮ್ದು!” ಅಂದಳು. ಹಣೆಯ ಬುಗುಟನ್ನು ಕೂಡ ಮರೆತಿದ್ದಳು.

ಮಾವ ಬಂದರು. ಬೆಂದ ಕುಕೀಸಿನ ತಟ್ಟೆಯೂ ಬಂತು. ಮಾವ ತಿನ್ನಲಿಲ್ಲ. ಆರು ಕುಕೀಸನ್ನು ಒಂದರ ಮೇಲೊಂದು ಪೇರಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೂ ಆರನ್ನು ಹಾಗೆಯೇ ಪೇರಿಸಿ ಪಕ್ಕದಲ್ಲಿಟ್ಟರು. ಎರಡೂ ಸಮಸಮ.

“ಯಾವ ಮೆಷೀನು?”

“ಮೆಷೀನಿಲ್ಲ ಮಾವ. ಕೈಯಲ್ಲೇ.”

ಮಾವ ನಿಧಾನವಾಗಿ ತಲೆ ಎತ್ತಿದರು. “ನಲವತ್ತು ವರ್ಷ ಬಿಸ್ಕತ್ತು ಕುಯ್ದೆ. ಒಂದೇ ಒಂದು ದಿನಾನೂ ಇಷ್ಟು ಸಮ ಬರ್ಲಿಲ್ಲ ನಂಗೆ. ಚೆನ್ನಾಗಿದೆ ಅಳಿಯಂದಿರೇ. ತುಂಬ ಚೆನ್ನಾಗಿದೆ!”

ನೂಲಣ್ಣನಿಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪ ಹಾಗೆ ಅಂದದ್ದನ್ನು ಅವಳೂ ಕೇಳಿರಲಿಲ್ಲ.

ಮಾವ ಕೊನೆಗೂ ಒಂದನ್ನು ಕಚ್ಚಿದರು. ಕಣ್ಣು ಮುಚ್ಚಿ ಜಗಿದರು. “ಬೆಣ್ಣೆ ಸರಿಯಾಗಿದೆ. ಸಕ್ಕರೆ ಒಂಚೂರು ಮುಂದು. ಆಮೇಲೆ... ಇನ್ನೂ ಏನೋ ಇದೆಯಲ್ಲ?”

ಹಲ್ಲಿನ ಸಂದಿಯಿಂದ ಕೂದಲೆಳೆಯಂಥ ಒಂದು ಸಿಬರನ್ನು ಎಳೆದು, ದೀಪಕ್ಕೆ ಹಿಡಿದು ನೋಡಿ, ಮೂಸಿದರು. ಗರಗಸ ಹಿಟ್ಟಿನ ಜೊತೆಗೇ ಆ ತೇಗದ ಪಟ್ಟಿಗಳನ್ನೂ ಕೆರೆದಿತ್ತೆಂದು ನೂಲಣ್ಣನಿಗೆ ಹೊಳೆದದ್ದು ಆಗಲೇ.

“ಮಾವ, ಅದು... ಕ್ಲಾಂಪು ಬಿಗಿಯೋವಾಗ...”

ಮಾವ ಕೈಯೆತ್ತಿ ಅವನನ್ನು ಸುಮ್ಮನಾಗಿಸಿ, ಆ ಸಿಬರನ್ನು ತಟ್ಟೆಯ ಅಂಚಿಗಿಟ್ಟರು.

“ಇರ್ಲಿ ಬಿಡಿ ಅಳಿಯಂದಿರೇ. ತಿಂದು ಮುಗಿಸಿದ ಮೇಲೆ ತೇಗು ಬರೋದು ಎಲ್ಲರ ಮನೇಲೂ ಇದ್ದದ್ದೇ. ಮೊದಲನೇ ತುತ್ತಿಗೇ ತೇಗ ಬರೋದು ನಿಮ್ಮ ಮನೇಲಿ ಮಾತ್ರ!”