ಖಾಲಿ ಹೋಗದ ಕೈಗಾಡಿ

೧. ವಿಳಾಸ

"ಸ್ವಲ್ಪ ಹೇಳ್ತೀರಾ, ಈ ಮನೆ ಎಲ್ಲಿ ಬರುತ್ತೆ?" ಎಂದು ಚೀಟಿ ಮುಂದೆ ಹಿಡಿದೆ. ದಾರಿ ತಪ್ಪುವುದು, ತಪ್ಪಿದಲ್ಲೇ ಏನಾದರೊಂದು ಆಗುವುದು ನನಗೆ ಹೊಸದಲ್ಲ. ಯಾವ ದೇಶಕ್ಕೆ ಹೋದರೂ ಒಂದಾದರೂ ಆಗಿಯೇ ತೀರುತ್ತದೆ. ಆದರೆ ಕೈರೋದ ಸಂತೆಯಲ್ಲಿ ಭಾಷೆ ಬಾರದೆಯೂ ಮನೆ ಹುಡುಕಿದವಳು ಹಾಡುಹಗಲೇ ಮಿಲ್ಪಿಟಾಸಿನಲ್ಲಿ ಕಳೆದುಹೋಗಿದ್ದೆ. ಸ್ಯಾನ್ ಮಟಿಯೋದಿಂದ ಫ್ರೀವೇ ಏನೋ ಸರಿಯಾಗಿಯೇ ಕರೆತಂದಿತು. ಆಮೇಲೆ ಕಂಡದ್ದೆಲ್ಲ ಒಂದೇ ಅಚ್ಚಿನಲ್ಲಿ ಒತ್ತಿದ ಚಕ್ಕುಲಿಯಂಥ ಮನೆಗಳು.

ಅಂಗಳದಲ್ಲಿ ಎಲೆ ಗುಡಿಸುತ್ತಿದ್ದ ಮುದುಕರು ಚೀಟಿ ಓದಿದರು. ನನ್ನನ್ನು ನೋಡಿದರು. ಮತ್ತೆ ಚೀಟಿ ಓದಿದರು.

"ಪಕ್ಕದ ಮನೆಯೇ ಅದು. ನೀವು ಪ್ರತಿ ಸಲ ಮ್ಯಾಪು ನೋಡೋಕೆ ಬಂದು ಕಾರು ನಿಲ್ಲಿಸ್ತಿರೋದು ಅವರ ಡ್ರೈವ್‌ವೇಯಲ್ಲೇ."

೨. ಫಿಲ್ಟರು

ಆ ಮನೆ ನನ್ನ ಗೆಳತಿಯದು. ಅವಳು ತುಂಬು ಬಸುರಿ, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರ ಅಪ್ಪಣೆ. ಗಂಡ ಬೆಳಿಗ್ಗೆ ಆಫೀಸಿಗೆ ಹೋದರೆ ಮೀಟಿಂಗು ಮುಗಿಯುವ ಹೊತ್ತಿಗೆ ಊರು ಮಲಗಿರುತ್ತಿತ್ತು. ಮಳೆ, ಚಳಿ ಶುರುವಾಗುವ ಮೊದಲು ಮನೆ, ಅಂಗಳ ಎರಡನ್ನೂ ಸಜ್ಜು ಮಾಡಿಕೊಡುತ್ತೇನೆಂದು ನಾನು ಒಪ್ಪಿಕೊಂಡಿದ್ದೆ. ಶನಿವಾರ ನನಗೆ ಲಿಮಾಗೆ ವಿಮಾನ. ಅಷ್ಟರೊಳಗೆ ಮುಗಿಯಬೇಕು.

ಬಾಣಂತನಕ್ಕೆಂದು ಉಡುಪಿಯಿಂದ ಬಂದಿದ್ದ ಅವಳ ಅತ್ತೆ ಬಿಸಿಲಿನಲ್ಲೂ ಮಂಕಿ ಕ್ಯಾಪು ತೆಗೆಯುತ್ತಿರಲಿಲ್ಲ. "ಇಲ್ಲಿಯ ಬಿಸಿಲು ನೋಡ್ಲಿಕ್ಕೆ ಮಾತ್ರ ಮಾರಾಯ್ತಿ, ಉಪಯೋಗಕ್ಕಿಲ್ಲ," ಎನ್ನುತ್ತಿದ್ದರು. ನನಗೆ ಅವರು ಅಜ್ಜಿ.

ಹೀಟರು ಹಾಕಿದೆ. ಬೆಚ್ಚಗಾಗಲಿಲ್ಲ, ಜೀರಿಗೆಯ ವಾಸನೆ ಮಾತ್ರ ಬಂತು. ರಿಪೇರಿಯವನನ್ನು ಕರೆಸಿದೆ. ಅವನು ಕೋಣೆ ಕೋಣೆಯಲ್ಲೂ ಮಂಡಿಯೂರಿ, ಬಿಸಿಗಾಳಿ ಬರುವ ನೆಲದ ಜಾಲರಿಯ ಮೇಲೆ ಹಾಸಿದ್ದ ಪಂಚೆ ಎತ್ತಿ ನೋಡಿದ. ಪಂಚೆಯ ತುಂಬ ಅಜ್ಜಿ ಒಣಹಾಕಿದ್ದ ಹಪ್ಪಳ. ಒಂದನ್ನು ಬೆಳಕಿಗೆ ಹಿಡಿದ.

"ಈ ಕಂಪನಿಯ ಫಿಲ್ಟರು ನಾನು ಎಲ್ಲೂ ನೋಡಿಲ್ಲ."

"ಎಂಥ ಹೇಳ್ತಾನೆ?" ಅಜ್ಜಿ ಕೇಳಿದರು. ಹೇಳಿದೆ. "ಪಾಪ. ಕೂತ್ಕೊಳ್ಳಲಿಕ್ಕೆ ಹೇಳು, ನಾಲ್ಕು ಕರೀತೇನೆ."

ಅವನು ತಟ್ಟೆ ಖಾಲಿ ಮಾಡಿ ಎದ್ದ. ಬಾಗಿಲಲ್ಲಿ ನಿಂತು ಗಂಭೀರವಾಗಿ ಹೇಳಿದ: "ಫಿಲ್ಟರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಬದಲಾಯಿಸುವಾಗ ನನ್ನನ್ನು ಕರೆಯಿರಿ."

೩. ಹೊಟ್ಟೆ ಇದ್ದದ್ದು

ಅಂಗಳದ ಎಲೆ ಸಾಗಿಸಲು ಪಕ್ಕದ ಮುದುಕರ ಒಂಟಿಗಾಲಿಯ ಕೈಗಾಡಿ ತಂದೆ. ಕೆಲಸ ಮುಗಿಸಿ ವಾಪಸು ತಳ್ಳಿಕೊಂಡು ಹೊರಟರೆ ಅಜ್ಜಿ ಅಡ್ಡ ಬಂದರು.

"ಖಾಲಿ ಕೊಂಡುಹೋಗ್ತೀಯಾ?"

"ಅಜ್ಜಿ, ಇದು ಪಾತ್ರೆ ಅಲ್ಲ. ಕಸದ ಗಾಡಿ."

"ಹೊಟ್ಟೆ ಉಂಟಲ್ಲ ಅದಕ್ಕೆ? ಹೊಟ್ಟೆ ಇದ್ದದ್ದನ್ನು ಖಾಲಿ ಕೊಡ್ಲಿಕ್ಕಿಲ್ಲ."

ಗಾಡಿಯಲ್ಲಿ ಒಂದು ಡಬ್ಬಿ ಹಪ್ಪಳ ಹೋಯಿತು. ಮಧ್ಯಾಹ್ನಕ್ಕೆ ಅದೇ ಗಾಡಿ ನಮ್ಮ ಬಾಗಿಲಲ್ಲಿ, ಡಬ್ಬಿಯ ಸುತ್ತ ಬೆಟ್ಟದಂತೆ ಪರ್ಸಿಮನ್ ಹಣ್ಣು. ಅಜ್ಜಿ ಕಡುಬು ಕಳಿಸಿದರು. ಸೌದೆ ಬಂತು. ಉಪ್ಪಿನಕಾಯಿ ಹೋಯಿತು. ಮುದುಕರ ತಮ್ಮನ ಲಾಯದಿಂದ ಹೊಗೆಯಾಡುವ ಕುದುರೆ ಲದ್ದಿ ಬಂತು, ಗುಲಾಬಿಗೆ ಒಳ್ಳೆಯದೆಂಬ ಮಾತಿನೊಂದಿಗೆ. ಎಲೆ ಇದ್ದ ಜಾಗದಲ್ಲಿ ಈಗ ನಡೆಯಲು ದಾರಿ ಇರಲಿಲ್ಲ.

ಗೆಳತಿ ಹಾಸಿಗೆ ಪಕ್ಕದ ಕಿಟಕಿಯಿಂದ ಕೂಗಿದಳು. "ಏನೇ, ಯಾರ್ಡು ಕ್ಲೀನ್ ಮಾಡೋಕೆ ಬಂದ್ಯಾ, ಸಂತೆ ಹಾಕೋಕೆ ಬಂದ್ಯಾ? ಜಾಸ್ತಿ ನಗಬೇಡಿ ಅಂದಿದ್ದಾರೆ ಡಾಕ್ಟರು, ನೆನಪಿರಲಿ."

ಮುದುಕರ ಹತ್ತಿರ ಹೋಗಿ ಬೇಡಿಕೊಂಡೆ: ದಯವಿಟ್ಟು ಇನ್ನೇನೂ ಕಳಿಸಬೇಡಿ.

"ನೀವು ಮೊದಲು ನಿಲ್ಲಿಸಿ," ಎಂದರು ಅವರೂ ಸುಸ್ತಾಗಿ. "ನಾನು ಪೋರ್ಚುಗಲ್ಲಿನ ದ್ವೀಪದವನು. ಬಂದ ಡಬ್ಬಿ ಖಾಲಿ ವಾಪಸು ಕೊಟ್ಟರೆ ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ."

ಇಡೀ ಭೂಮಿಯ ಮೇಲೆ ಅಕ್ಕಪಕ್ಕ ಇರಬಾರದಿದ್ದ ಎರಡು ಮನೆಗಳು ಯಾವುವೆಂದು ಅವತ್ತು ನನಗೆ ಗೊತ್ತಾಯಿತು.

೪. ಕೊನೆಯ ಹೇರು

ಶುಕ್ರವಾರ ಮೋಡ ಕವಿದಿತ್ತು. ಸೌದೆ ಒಟ್ಟಿ, ಲದ್ದಿ ಮಣ್ಣಿಗೆ ಸೇರಿಸಿ, ಅಂಗಳ ಹೇಗೋ ಒಪ್ಪವಾಗಿತ್ತು. ಉಳಿದದ್ದು ಗಾಡಿ ಒಂದೇ. ಅಡುಗೆಮನೆಯಲ್ಲಿ ಕೊಡುವಂಥದ್ದು ಏನೂ ಇರಲಿಲ್ಲ.

"ನಾಳೆ ನನ್ನ ವಿಮಾನ ಅಜ್ಜಿ. ಖಾಲಿ ಬಿಟ್ಟು ಬಂದುಬಿಡ್ತೀನಿ."

"ತಂದವಳು ನೀನು, ಋಣ ನಿಂದು. ಋಣ ಇಟ್ಟುಕೊಂಡು ವಿಮಾನ ಹತ್ತಬಾರದು. ಕೆಳಗೆ ಎಳೀತದೆ." ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನೇ ಕೂತ್ಕೋ."

"ನಾನಾ?"

"ಮತ್ತೆ ನಾನಾ? ಅವರ ಮಾಡಿನ ಅಂಚಿನ ದಂಬೆಯಲ್ಲಿ ಎಲೆ ತುಂಬಿ ಉಂಟು. ನೀರು ಹೋಗ್ಲಿಕ್ಕೆ ದಾರಿ ಇಲ್ಲ. ಅವರಿಗೆ ಏಣಿ ಹತ್ತಲಿಕ್ಕೆ ಆಗೂದಿಲ್ಲ, ಮಂಡಿನೋವು."

"ನಿಮಗೆ ಹೇಗೆ ಗೊತ್ತು? ಅವರಿಗೆ ಕನ್ನಡ ಬರಲ್ಲ, ನಿಮಗೆ ಇಂಗ್ಲಿಷ್ ಬರಲ್ಲ."

"ಅವರ ಮಂಡಿ ಅವರು ತೋರಿಸಿದರು, ನನ್ನದು ನಾನು ತೋರಿಸಿದೆ. ಕೂತ್ಕೋ."

ಗಾಡಿಯೊಳಗೆ ಮಂಡಿ ಗದ್ದಕ್ಕೆ ಒತ್ತಿ ಕೂತೆ. ಮಂಡಿನೋವಿನ ಅಜ್ಜಿಯೇ ಮಂಕಿ ಕ್ಯಾಪು ಸರಿಮಾಡಿಕೊಂಡು ತಳ್ಳಿದರು. ಕಿಟಕಿಯಲ್ಲಿ ಗೆಳತಿ ಬಾಯಿಗೆ ದಿಂಬು ಒತ್ತಿಕೊಂಡಿದ್ದಳು. ಮುದುಕರು ಗೇಟಿನಲ್ಲಿ ಹ್ಯಾಟು ತೆಗೆದು ನಿಂತರು. ಅಜ್ಜಿ ಎಲೆ ಸುರಿಯುವ ಹಾಗೆ ಗಾಡಿ ಓರೆ ಮಾಡಿ ನನ್ನನ್ನು ಅವರ ಅಂಗಳದಲ್ಲಿ ಸುರಿದು, ಕೈಮುಗಿದು, ನಮ್ಮ ಮನೆಯ ಜಗುಲಿಗೆ ವಾಪಸು ಹೋಗಿ ಕಾವಲಿಗೆ ಕೂತರು.

ಏಣಿ ಹತ್ತಿ, ಕೊಳೆತ ಎಲೆಯನ್ನೆಲ್ಲ ಬಾಚಿ ತೆಗೆದೆ. ಕೊನೆಯ ಹಿಡಿ ತೆಗೆಯುವಾಗ ಮಳೆ ಶುರುವಾಯಿತು. ನೀರು ಸಲೀಸಾಗಿ ಕೊಳವೆಗೆ ಇಳಿಯಿತು. ಮುದುಕರು ಆ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅವರ ಕಣ್ಣು ಅಂಗಳದಲ್ಲಿ ಅತ್ತ ಇತ್ತ ಹುಡುಕತೊಡಗಿತು. ಒಂದು ದೊಡ್ಡ ಕುಂಬಳಕಾಯಿ ತಂದು ಗಾಡಿಯಲ್ಲಿಟ್ಟು, ಹಿಡಿಕೆ ಹಿಡಿದು, ಅದರ ಪಕ್ಕದ ಜಾಗವನ್ನು ನನಗೆ ಸೌಜನ್ಯದಿಂದ ತೋರಿಸಿದರು. ಒಂದು ಕಾಲು ಗಾಡಿಯೊಳಗೆ ಇಟ್ಟೆ.

ಜಗುಲಿಯಿಂದ ಅಜ್ಜಿಯ ದನಿ ಬಂತು.

"ಕಾಲು ತೆಗಿ. ಗಾಡಿ ಅಲ್ಲೇ ಬಿಟ್ಟು ನಡ್ಕೊಂಡು ಬಾ."